ನೀರು ತುಂಬಿಸಿ ಓಡಿ ನೋಡಿ, ಆಮೇಲೆ ಕೊಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ವಿಜಯಪುರದವಳು. ವಾರಕ್ಕೆ ನಾಲ್ಕು ದಿನ ಓಡುತ್ತೇನೆ, ಭಾನುವಾರ ಸ್ವಲ್ಪ ಜಾಸ್ತಿ ದೂರ. ಇತ್ತೀಚೆಗೆ ಓಟ ಶುರು ಮಾಡಿದವರು ಶೂ ಬಗ್ಗೆ ಬಹಳ ಕೇಳುತ್ತಾರೆ. ನೀರು ಹೇಗೆ ಒಯ್ಯುತ್ತೀರಿ ಅಂತ ಯಾರೂ ಕೇಳುವುದಿಲ್ಲ. ನಮ್ಮಂಥ ಬಿಸಿಲೂರಲ್ಲಿ ಮೊದಲು ಕೇಳಬೇಕಾದದ್ದೇ ಅದು.

ನನಗೂ ಅದು ಗೊತ್ತಾಗಿದ್ದು ಒಂದು ಏಪ್ರಿಲ್ ತಿಂಗಳ ಭಾನುವಾರ. ಬೆಳಿಗ್ಗೆ ಐದಕ್ಕೆ ಗೋಳಗುಮ್ಮಟದ ಹತ್ತಿರದಿಂದ ಹೊರಟು, ಊರು ದಾಟಿ, ತೊರವಿ ಮೇಲೆ ಹಾದು ಟಿಕೋಟಾ ಕಡೆ ಹೋಗಿ ವಾಪಸ್ ಬರುವುದು, ಒಟ್ಟು 25 ಕಿಲೋಮೀಟರ್. ಕೈಯಲ್ಲಿ ಅರ್ಧ ಲೀಟರಿನ ಒಂದು ಬಾಟಲಿ. ತೊರವಿಗೆ ಬರುವಷ್ಟರಲ್ಲಿ ಅದು ಅರ್ಧ ಖಾಲಿ, ತಿರುಗುವ ಹೊತ್ತಿಗೆ ಪೂರ್ತಿ ಖಾಲಿ. ವಾಪಸ್ ಬರುವಾಗ ಮುಖ ಪೂರ್ವಕ್ಕೆ, ಸೂರ್ಯ ಸರಿಯಾಗಿ ಕಣ್ಣಿಗೆ. ಆ ಹೊತ್ತಿಗೆ ದಾರಿಯಲ್ಲಿ ಒಂದು ಅಂಗಡಿಯೂ ತೆಗೆದಿರಲಿಲ್ಲ. ತಲೆ ಸುತ್ತಿದಂತಾಗಿ ಒಂದು ದ್ರಾಕ್ಷಿ ತೋಟದ ಬದುವಿನ ಮೇಲೆ, ಬೇವಿನ ಗಿಡದ ಕೆಳಗೆ ಕುಳಿತುಬಿಟ್ಟೆ. ತೋಟದಲ್ಲಿದ್ದ ಒಬ್ಬ ಆಯಿ ತಂಬಿಗೆ ಹಿಡಿದುಕೊಂಡು ಬಂದರು. ಆದರೆ ನೀರು ಕೊಡಲಿಲ್ಲ, ಮೊದಲು ಬೆಲ್ಲದ ಹರಳು ಕೊಟ್ಟರು. “ಕೂಡ್ರ ಯವ್ವಾ, ಮೊದ್ಲ ಇದನ್ನ ತಿನ್ನು. ನೀರು ಸಾವಕಾಶ ಕುಡಿ, ಒಮ್ಮೆಲೆ ಕುಡೀಬ್ಯಾಡ” ಅಂದರು. ಅವತ್ತು ಅವರು ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಇವತ್ತಿಗೂ ಎದೆ ಝಲ್ ಎನ್ನುತ್ತದೆ.

ಹಾಗಾಗಿ ಎಷ್ಟು ಕಿಲೋಮೀಟರ್ ಓಡುತ್ತೀರಿ ಅನ್ನುವುದಕ್ಕಿಂತ, ನೀರು ಸಿಗದೆ ಎಷ್ಟು ಹೊತ್ತು ಓಡುತ್ತೀರಿ ಅನ್ನುವುದನ್ನು ಲೆಕ್ಕ ಹಾಕಿ. ಭೂತನಾಳ ಕೆರೆ ಕಡೆ ಹೋಗಿ ಒಂದು ಗಂಟೆಯಲ್ಲಿ ಮನೆಗೆ ಬರುವವರಿಗೆ ಬೇಕಾಗುವುದೇ ಬೇರೆ, ಹೊಲದ ದಾರಿ ಹಿಡಿದು ಮೂರು ಗಂಟೆ ಓಡುವವರಿಗೆ ಬೇಕಾಗುವುದೇ ಬೇರೆ. ನಿಮ್ಮ ಬೆವರಿನ ಲೆಕ್ಕ ಮನೆಯಲ್ಲೇ ತೆಗೆಯಬಹುದು. ಓಡುವ ಮುಂಚೆ ತೂಕ ನೋಡಿ, ಒಂದು ಗಂಟೆ ಓಡಿ ಬಂದು ಬೆವರು ಒರೆಸಿಕೊಂಡು ಮತ್ತೆ ನೋಡಿ. ನಡುವೆ ನೀರು ಕುಡಿಯದೆ ಒಂದು ಕೆಜಿ ಇಳಿದಿದ್ದರೆ ಹತ್ತಿರ ಹತ್ತಿರ ಒಂದು ಲೀಟರ್ ಬೆವರು ಹೋಗಿದೆ ಅಂತ ಅರ್ಥ. ನನಗೆ ಚಳಿಗಾಲದಲ್ಲಿ ಅರ್ಧ ಕೆಜಿ ಇಳಿಯುತ್ತದೆ, ಏಪ್ರಿಲ್‌ನಲ್ಲಿ ಅದರ ಎರಡರಷ್ಟು. ಹೋದದ್ದನ್ನೆಲ್ಲ ಓಡುತ್ತಲೇ ತುಂಬಿಸಿಕೊಳ್ಳಬೇಕು ಅಂತೇನಿಲ್ಲ. ಬಾಯಾರಿದಾಗ ಕುಡಿಯುವಷ್ಟು ಕೈಗೆ ಸಿಗಬೇಕು, ಅಷ್ಟೇ.

ಒಂದು ಗಂಟೆಯ ಓಟಕ್ಕೆ ಕೈ ಬಾಟಲಿ ಸಾಕು. ಅಂಗೈ ಮೇಲೆ ಹಾಯುವ ಪಟ್ಟಿ ಇರುವುದನ್ನೇ ತಗೊಳ್ಳಿ, ಬಾಟಲಿಯನ್ನು ಬಿಗಿಯಾಗಿ ಹಿಡಿಯುವ ಕೆಲಸ ಇರುವುದಿಲ್ಲ. ಆಗಾಗ ಕೈ ಬದಲಿಸಿ, ಇಲ್ಲದಿದ್ದರೆ ಒಂದೇ ಭುಜ ಬಿಗಿಯುತ್ತದೆ.

ಬಾಟಲಿ ಸಿಕ್ಕಿಸಿಕೊಳ್ಳುವ ಸೊಂಟದ ಬೆಲ್ಟ್ ಅಂದರೆ ನನಗೆ ನೆನಪಾಗುವುದು ನಮ್ಮ ಅಜ್ಜಿಯ ಸಂಚಿ. ಎಲೆ ಒಂದು ಕಡೆ, ಅಡಿಕೆ ಒಂದು ಕಡೆ, ಒಳಗಿನ ಪದರದಲ್ಲಿ ದುಡ್ಡು. ದಾರ ಎಳೆದು ಬಾಯಿ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿದರೆ ಮುಗೀತು. ಕಳೆ ತೆಗೆಯಲು ದಿನವೆಲ್ಲ ಬಗ್ಗಿ ಎದ್ದರೂ ಅದು ಕದಲುತ್ತಿರಲಿಲ್ಲ. ಬೆಲ್ಟ್ ಹಾಗಿರಬೇಕು. ಬೆನ್ನ ಹಿಂದೆ ಒಂದೇ ದೊಡ್ಡ ಬಾಟಲಿ ಇರುವ ಬೆಲ್ಟ್ ಹೆಜ್ಜೆ ಹೆಜ್ಜೆಗೂ ಕುಣಿಯುತ್ತದೆ. ಅದು ಕುಣಿಯಬಾರದು ಅಂತ ಬಿಗಿದರೆ ಹೊಟ್ಟೆ ಹಿಡಿಯುತ್ತದೆ. ಎರಡೂ ಬದಿಗೆ 250 ಮಿಲಿಲೀಟರಿನ ಒಂದೊಂದು ಸಣ್ಣ ಬಾಟಲಿ ಇದ್ದರೆ ಭಾರ ಸಮನಾಗುತ್ತದೆ. ಬೆಲ್ಟ್ ಹೊಟ್ಟೆಯ ಮೇಲೆ ಕೂರಬಾರದು, ಸ್ವಲ್ಪ ಕೆಳಗೆ, ಸೊಂಟದ ಮೂಳೆಯ ಮೇಲೆ ಕೂರಬೇಕು.

ಎರಡು ಗಂಟೆ ದಾಟಿತು ಅಂದರೆ ನನ್ನ ಮತ ವೆಸ್ಟ್‌ಗೆ. ಹೈಡ್ರೇಷನ್ ವೆಸ್ಟ್ ಅಂದರೆ ತೋಳಿಲ್ಲದ ಜಾಕೆಟ್ ತರಹದ ಚೀಲ. ಎದೆಯ ಎರಡೂ ಬದಿಯ ಜೇಬಿನಲ್ಲಿ ಅರ್ಧರ್ಧ ಲೀಟರಿನ ಮೆತ್ತನೆಯ ಬಾಟಲಿ, ಬೆನ್ನಿಗೆ ಬೇಕಾದರೆ ಒಂದೂವರೆ ಎರಡು ಲೀಟರಿನ ನೀರಿನ ಚೀಲ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಬೆನ್ನಿನದು ದೊಡ್ಡದಿದೆ ಅಂತ ಸುಮ್ನೆ ಕತ್ತಿನ ತನಕ ತುಂಬಿಸಬೇಡಿ.

ವೆಸ್ಟ್ ಕೊಳ್ಳುವಾಗ ನಾವೆಲ್ಲ ಮಾಡುವ ತಪ್ಪು ಖಾಲಿ ಹಾಕಿಕೊಂಡು ನೋಡುವುದು. ಖಾಲಿ ಇದ್ದಾಗ ಯಾವ ವೆಸ್ಟ್ ಆದರೂ ಚೆನ್ನಾಗಿಯೇ ಕೂರುತ್ತದೆ, ಅಲ್ವಾ? ನನ್ನ ಮೊದಲನೆಯದು ಹಾಗೇ ಆಯಿತು. ಆನ್‌ಲೈನ್‌ನಲ್ಲಿ ಅಂಗಿಯ ಅಳತೆ ನೋಡಿ ತರಿಸಿದೆ, ನೀರು ತುಂಬಿದ ಮೇಲೆ ಅದು ಭುಜದಿಂದ ಜಾರಿ, 15 ಕಿಲೋಮೀಟರಿಗೆ ಕತ್ತಿನ ಬುಡದಲ್ಲಿ ಚರ್ಮ ಕಿತ್ತು ಬಂತು, ಬೆವರಿನ ಉಪ್ಪು ತಾಗಿ ಸ್ನಾನ ಮಾಡುವುದೂ ಕಷ್ಟವಾಯಿತು. ಅಂಗಿಯ ಅಳತೆ ಬೇಡ, ಟೇಪು ಹಿಡಿದು ಎದೆಯ ಸುತ್ತಳತೆ ತೆಗೆಯಿರಿ. ಅಂಗಡಿಯಲ್ಲಾದರೆ ನೀರು ತುಂಬಿಸಿಕೊಂಡು ಹೊರಗೆ ನೂರು ಹೆಜ್ಜೆ ಓಡಿ ನೋಡುತ್ತೇನೆ ಅಂತ ಕೇಳಿ. ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ. ಆನ್‌ಲೈನ್ ಆದರೆ ವಾಪಸ್ ಕೊಡುವ ಅವಕಾಶ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಓಡುವಾಗ ವೆಸ್ಟ್ ಮೇಲೆ ಕೆಳಗೆ ಹಾರಬಾರದು, ಹಾಗಂತ ಉಸಿರು ಪೂರ್ತಿ ಎಳೆದಾಗ ಎದೆ ಕಟ್ಟಬಾರದು.

ಹೆಣ್ಣುಮಕ್ಕಳಿಗೆ ಒಂದು ಮಾತು. ಗಂಡಸರ ಅಳತೆಗೆ ಹೊಲಿದ ವೆಸ್ಟ್‌ನಲ್ಲಿ ಬಾಟಲಿ ನಮ್ಮ ಎದೆಯ ಮೇಲೆ ಒತ್ತುತ್ತದೆ. ಬಾಟಲಿ ಪಕ್ಕೆಲುಬಿನ ಕಡೆ ಕೂರುವ, ಎದೆಪಟ್ಟಿಯನ್ನು ಮೇಲೆ ಕೆಳಗೆ ಸರಿಸಲು ಬರುವ ವೆಸ್ಟ್ ಹುಡುಕಿ. ನೋವಾದರೂ ಹೇಳಲು ಸಂಕೋಚಪಟ್ಟು ಓಟವನ್ನೇ ಬಿಟ್ಟ ಗೆಳತಿಯರನ್ನು ನೋಡಿದ್ದೇನೆ. ತಪ್ಪು ಅವರ ಮೈಯದಲ್ಲ, ಚೀಲದ್ದು.

ಮೆತ್ತನೆಯ ಬಾಟಲಿಯ ಗುಣ ಅಂದರೆ ಕುಡಿದಂತೆ ಅದು ಮುದುಡುತ್ತದೆ, ಒಳಗೆ ಗಾಳಿ ಉಳಿಯದ ಕಾರಣ ನೀರು ಕುಲುಕುವುದಿಲ್ಲ. ಬೆನ್ನಿನ ಚೀಲಕ್ಕೂ ಅದೇ ಉಪಾಯ: ತುಂಬಿಸಿ, ಬಾಯಿ ಮುಚ್ಚಿ, ತಲೆಕೆಳಗೆ ಹಿಡಿದು, ನೀರು ಕುಡಿಯುವ ನಳಿಕೆಯಿಂದ ಒಳಗಿನ ಗಾಳಿ ಎಳೆದುಬಿಡಿ. ಬಿಸಿಲಲ್ಲಿ ಆ ನಳಿಕೆಯ ನೀರು ಬೇಗ ಬಿಸಿಯಾಗುತ್ತದೆ. ಕುಡಿದ ಮೇಲೆ ಒಮ್ಮೆ ಊದಿ ನೀರನ್ನು ಚೀಲಕ್ಕೆ ವಾಪಸ್ ಕಳಿಸಿ. ತೊರವಿಯಿಂದ ಓಡಿ ಬರುವಾಗ ನನಗೆ ಇದೇ ಯೋಚನೆ ಬರುತ್ತದೆ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯ ನೀರನ್ನು ನೆಲದಡಿಯ ಸುರಂಗದಲ್ಲಿ ಊರಿಗೆ ಹರಿಸಿದರು. ಕರೇಜ್ ಅನ್ನುತ್ತಾರೆ ಅದಕ್ಕೆ. ಅಲ್ಲಲ್ಲಿ ಬಾವಿಯಂಥ ಕಿಂಡಿಗಳು ಈಗಲೂ ಕಾಣುತ್ತವೆ. ಆ ನೀರಿಗೆ ಬಿಸಿಲು ತಾಗುತ್ತಿರಲಿಲ್ಲ. ಅದೇ ದಾರಿಯಲ್ಲಿ ಈಗ ನಾವು ಒಂದು ಗುಟುಕು ತಣ್ಣೀರಿಗೆ ಇಷ್ಟೆಲ್ಲ ಲೆಕ್ಕ ಹಾಕುತ್ತೇವೆ.

ಬರೀ ನೀರು ಸಾಲದು. ಗಂಟೆಗಟ್ಟಲೆ ಓಡುತ್ತ ಬರೀ ನೀರನ್ನೇ ಸಿಕ್ಕಾಪಟ್ಟೆ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಕರಿಕೆ, ಮಂಕು ಕವಿಯುವುದು, ಜಾಸ್ತಿಯಾದರೆ ಜೀವಕ್ಕೂ ಅಪಾಯ. ನಾನು ಒಂದು ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ ಓಆರ್‌ಎಸ್, ಅಂದರೆ ಉಪ್ಪು ಸಕ್ಕರೆಯ ಪುಡಿ ಕಲಸಿದ ನೀರು, ಇಟ್ಟುಕೊಳ್ಳುತ್ತೇನೆ. ದೊಡ್ಡ ಪೊಟ್ಟಣ ಒಂದು ಲೀಟರಿಗೆ ಅಂತಲೇ ಮಾಡಿದ್ದು, ಅರ್ಧ ಲೀಟರಿಗೆ ಪೂರ್ತಿ ಸುರಿಯಬೇಡಿ. ಮನೆಯಲ್ಲೇ ಒಂದು ಲೀಟರಿಗೆ ಕಲಸಿ ತುಂಬಿಸಿಕೊಳ್ಳಿ. ಬಿಪಿ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು.

ತಿನ್ನಲಿಕ್ಕೆ ನಮ್ಮ ಜಿಲ್ಲೆಯ ಒಣದ್ರಾಕ್ಷಿಯೇ ಇದೆಯಲ್ಲ. 40 ಗ್ರಾಂ, ಅಂದರೆ ಒಂದು ಹಿಡಿಯಷ್ಟರಲ್ಲಿ ಸುಮಾರು 30 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಓಡಲು ಶಕ್ತಿ ಕೊಡುವ ಶರ್ಕರಪಿಷ್ಟ ಸಿಗುತ್ತದೆ. ದೂರದ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಬೇಕು ಅನ್ನುತ್ತಾರೆ. ಕೆಲವರಿಗೆ ದ್ರಾಕ್ಷಿ ಹೊಟ್ಟೆಗೆ ಆಗುವುದಿಲ್ಲ, ಮೊದಲು ಸಣ್ಣ ಓಟದಲ್ಲಿ ತಿಂದು ನೋಡಿ. ನಾನು ಒಂದು ಚೂರು ಬೆಲ್ಲವನ್ನೂ ಇಟ್ಟುಕೊಂಡಿರುತ್ತೇನೆ, ಆ ಆಯಿಯ ನೆನಪಿಗೆ.

ಉಳಿದದ್ದು ಸ್ವಲ್ಪವೇ. ಫೋನು, ಬೆವರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ. ತುರ್ತಿಗೆ 112 ನೆನಪಿರಲಿ. ಹೆಸರು, ರಕ್ತದ ಗುಂಪು, ಮನೆಯವರ ನಂಬರ್ ಬರೆದ ಚೀಟಿ. ನೂರು ರೂಪಾಯಿಯ ಒಂದು ನೋಟು. ವೆಸ್ಟ್ ಹಿಂದೆ ಬೆಳಕಿಗೆ ಹೊಳೆಯುವ ಪಟ್ಟಿ ಇರಲೇಬೇಕು. ಕಬ್ಬಿನ ಹಂಗಾಮಿನಲ್ಲಿ ಬೆಳಗಿನ ಜಾವ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಬರುತ್ತವೆ, ಕತ್ತಲಲ್ಲಿ ನಾವು ಡ್ರೈವರ್‌ಗೆ ಕಾಣುವುದೇ ಇಲ್ಲ. ವೆಸ್ಟ್, ಬೆಲ್ಟ್ ಮೈಗೆ ಉಜ್ಜುವ ಕಡೆ ಹೊರಡುವ ಮುಂಚೆ ವ್ಯಾಸಲೀನ್ ಹಚ್ಚಿ.

ಮನೆಗೆ ಬಂದ ತಕ್ಷಣ ಬಾಟಲಿ, ಚೀಲ, ನಳಿಕೆ ಎಲ್ಲ ತೊಳೆಯಿರಿ. ಓಆರ್‌ಎಸ್‌ನ ಸಕ್ಕರೆ ಉಳಿದರೆ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಬಿಸಿನೀರು, ಸ್ವಲ್ಪ ಅಡುಗೆ ಸೋಡಾ, ನಳಿಕೆಗೆ ಸಣ್ಣ ಬ್ರಷ್. ಚೀಲದ ಬಾಯಿ ತೆಗೆದು, ಒಳಗೆ ಒಂದು ಮರದ ಸೌಟು ಸಿಕ್ಕಿಸಿ, ತಲೆಕೆಳಗಾಗಿ ನೆರಳಲ್ಲಿ ನೇತುಹಾಕಿದರೆ ಸಂಜೆಯೊಳಗೆ ಒಣಗುತ್ತದೆ. ನಮಸ್ಕಾರ.