ಮಶಿಕೊ ಊರಿನ ಒರಟು ಮಣ್ಣು

ಕೇಳುಗರಿಗೆ ನಮಸ್ಕಾರ.

ಪಟ್ಟಣದ ಕೆಲಸ ಬಿಟ್ಟು ಹಳ್ಳಿಗೆ ಹೋಗಬೇಕು, ಅಲ್ಲಿ ಮಣ್ಣಿನ ಕೆಲಸ ಮಾಡಿಕೊಂಡಿರಬೇಕು ಅನ್ನುವ ಆಸೆ ಈಗ ಬಹಳ ಜನರಿಗಿದೆ. ಬೆಂಗಳೂರಿನಲ್ಲಿ ರಜಾದಿನ ಮಡಕೆ ಮಾಡಲು ಕಲಿಸುವ ತರಗತಿಗಳಿಗೆ ಹೋಗುವವರು ಜಾಸ್ತಿಯಾಗಿದ್ದಾರೆ. ತಿಗರಿಯ ಮುಂದೆ ಕೂತು, ಕೈಯೆಲ್ಲ ಕೆಸರು ಮಾಡಿಕೊಂಡು, ಒಂದು ಸೊಟ್ಟ ಬಟ್ಟಲು ಮಾಡಿ ಮನೆಗೆ ಹೊರಟಾಗ ಮನಸ್ಸು ಹಗುರಾಗಿರುತ್ತದೆ. ಮಲೆನಾಡಿನ ಕಡೆ ಎಲ್ಲಾದರೂ ಒಂದು ತುಂಡು ಜಾಗ ಸಿಕ್ಕಿದರೆ ಇದನ್ನೇ ಮಾಡಿಕೊಂಡು ನಿಧಾನವಾಗಿ ಬದುಕಬಹುದು ಅಂತ ಅನ್ನಿಸುವುದು ಸಹಜ, ಅಲ್ವಾ?

ನಾನು ಈ ಆಸೆಯನ್ನು ಗೇಲಿ ಮಾಡಲು ಬಂದಿಲ್ಲ. ನೂರು ವರ್ಷಗಳ ಹಿಂದೆ ನಿಜವಾಗಿಯೂ ಹೀಗೆ ಪಟ್ಟಣ ಬಿಟ್ಟು ಹೋದ ಒಬ್ಬ ಕುಂಬಾರರ ಕಥೆ ಹೇಳುತ್ತೇನೆ. ಅವರ ಹೆಸರು ಶೋಜಿ ಹಮಾದ. ಜಪಾನಿನವರು.

ಹಮಾದ ಹುಟ್ಟಿದ್ದು 1894ರಲ್ಲಿ. ಕುಂಬಾರರ ಮನೆಯಲ್ಲಿ ಹುಟ್ಟಿದವರಲ್ಲ. ಟೋಕಿಯೊದ ತಾಂತ್ರಿಕ ಕಾಲೇಜಿನಲ್ಲಿ ಸೆರಾಮಿಕ್ಸ್ ಓದಿದರು. ಆಮೇಲೆ ಕ್ಯೋಟೊ ನಗರದ ಸೆರಾಮಿಕ್ ಪರೀಕ್ಷಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ಮಡಕೆಯ ಮೇಲೆ ಗಾಜಿನ ಹಾಗೆ ಕೂರುವ ಮೆರುಗನ್ನು ಗ್ಲೇಜ್ ಅನ್ನುತ್ತೇವಲ್ಲ, ಅದನ್ನು ಯಾವ ಯಾವ ಪುಡಿ ಬೆರೆಸಿ ಮಾಡಬಹುದು ಎಂದು ಅಲ್ಲಿ ಸಾವಿರಾರು ಪ್ರಯೋಗ ನಡೆಸಿದರು. ಜೊತೆಗಿದ್ದವರು ಕವಾಯ್ ಕಾಂಜಿರೊ. ಅವರೂ ಮುಂದೆ ದೊಡ್ಡ ಹೆಸರು ಮಾಡಿದರು. ಒಟ್ಟಿನಲ್ಲಿ ಹಮಾದ ಅವರದು ಪ್ರಯೋಗಾಲಯದಲ್ಲಿ ಕಲಿತ ಕೈ.

1920ರಲ್ಲಿ ಅವರು ಬರ್ನಾರ್ಡ್ ಲೀಚ್ ಎಂಬ ಇಂಗ್ಲಿಷ್ ಕಲಾವಿದರ ಜೊತೆ ಇಂಗ್ಲೆಂಡಿಗೆ ಹೋದರು. ಕಾರ್ನ್‌ವಾಲ್ ಸೀಮೆಯ ಸೇಂಟ್ ಐವ್ಸ್ ಎಂಬ ಕಡಲತೀರದ ಊರಿನಲ್ಲಿ ಇಬ್ಬರೂ ಸೇರಿ ಕುಂಬಾರಿಕೆ ಶುರು ಮಾಡಿದರು. ಆ ದಿನಗಳಲ್ಲಿ ಅವರು ಡಿಚ್ಲಿಂಗ್ ಎಂಬ ಹಳ್ಳಿಗೂ ಹೋಗಿದ್ದರು. ಅಲ್ಲಿ ಎಥೆಲ್ ಮೈರೆ ಎಂಬ ನೇಯ್ಗೆಗಾರ್ತಿ ಇದ್ದರು. ಈ ಎಥೆಲ್ ಅವರ ಮೊದಲ ಗಂಡ ಯಾರು ಗೊತ್ತೇ? ನಮ್ಮ ಶಿಲ್ಪ, ಚಿತ್ರಕಲೆ, ನೃತ್ಯದ ಬಗ್ಗೆ ಬರೆದ ಆನಂದ ಕುಮಾರಸ್ವಾಮಿ. ಎಥೆಲ್ ಆ ಗಂಡನ ಜೊತೆ ಸಿಂಹಳದಲ್ಲಿ, ಅಂದರೆ ಈಗಿನ ಶ್ರೀಲಂಕಾದಲ್ಲಿ ಇದ್ದು, ಅಲ್ಲಿನ ಕೈಕಸುಬುಗಳನ್ನು ಹತ್ತಿರದಿಂದ ನೋಡಿದವರು. ತಾವೇ ನೂತು, ಬಣ್ಣ ಹಾಕಿ, ನೇಯ್ದು, ಅದರಲ್ಲೇ ಜೀವನ ಮಾಡುತ್ತಿದ್ದರು. ಓದಿದ, ಪಟ್ಟಣ ಕಂಡ ಮನುಷ್ಯರು ಹಳ್ಳಿಯಲ್ಲಿ ಕೈಕೆಲಸ ಮಾಡಿ ಬದುಕಬಹುದು ಅನ್ನುವುದನ್ನು ಹಮಾದ ಅಲ್ಲಿ ಕಣ್ಣಾರೆ ಕಂಡರು.

1923ರ ಸೆಪ್ಟೆಂಬರಿನಲ್ಲಿ ಟೋಕಿಯೊ ಭೂಕಂಪದಲ್ಲಿ ಕುಸಿಯಿತು. ಸುದ್ದಿ ತಿಳಿದು ಹಮಾದ ಜಪಾನಿಗೆ ಹೊರಟರು. ಆ ಹೊತ್ತಿಗೆ ಲಂಡನ್ನಿನಲ್ಲಿ ಅವರ ಪ್ರದರ್ಶನ ನಡೆದಿತ್ತು. ಕ್ಯೋಟೊದಲ್ಲಿ ಗೆಳೆಯರಿದ್ದರು. ಅಲ್ಲಿ ಒಳ್ಳೆಯ ಮಣ್ಣು, ಮಡಕೆ ಸುಡುವ ಒಳ್ಳೆಯ ಗೂಡು, ಒಳ್ಳೆಯ ಗಿರಾಕಿಗಳು ಎಲ್ಲವೂ ಇತ್ತು. ಆದರೂ 1924ರಲ್ಲಿ ಅವರು ಹೋಗಿ ನಿಂತದ್ದು ಮಶಿಕೊ ಎಂಬ ಸಣ್ಣ ಊರಿನಲ್ಲಿ. ಟೋಕಿಯೊದಿಂದ ಸುಮಾರು ನೂರು ಕಿಲೋಮೀಟರ್ ದೂರ.

ಮಶಿಕೊ ಕಲೆಗೆ ಹೆಸರಾದ ಊರೇನಲ್ಲ. ಅಲ್ಲಿ ಕುಂಬಾರಿಕೆ ಶುರುವಾದದ್ದೇ 1853ರಲ್ಲಿ. ನೀರಿನ ಹಂಡೆ, ಉಪ್ಪಿನಕಾಯಿ ಜಾಡಿ, ಅರೆಯುವ ಬಟ್ಟಲು, ಚಹಾ ಕಾಸುವ ಕೆಟಲು, ಇಂಥವನ್ನು ಮಾಡಿ ಟೋಕಿಯೊದ ಅಡುಗೆಮನೆಗಳಿಗೆ ಕಳಿಸುತ್ತಿದ್ದರು. ಹಮಾದ ವಿದ್ಯಾರ್ಥಿಯಾಗಿದ್ದಾಗ ತಮ್ಮ ಮೇಷ್ಟ್ರು ಇತಾಯ ಹಜಾನ್ ಅವರ ಮನೆಯಲ್ಲಿ ಅಂಥದೊಂದು ಕೆಟಲು ನೋಡಿದ್ದರು. ಅದರ ಮೇಲೆ ಬೆಟ್ಟ, ನೀರು, ಮರ ಇರುವ ಪುಟ್ಟ ಚಿತ್ರ. ಮಶಿಕೊದ ಹೆಸರು ಅವರ ತಲೆಯಲ್ಲಿ ಉಳಿದದ್ದು ಆ ಅಗ್ಗದ ಕೆಟಲಿನಿಂದ.

ಆ ಚಿತ್ರಗಳನ್ನು ಬರೆಯುತ್ತಿದ್ದವರಲ್ಲಿ ಮಿನಗಾವ ಮಾಸು ಎಂಬ ಹೆಂಗಸೂ ಒಬ್ಬರು. ಚಿಕ್ಕ ಹುಡುಗಿಯಾಗಿದ್ದಾಗಲೇ ಕುಂಚ ಹಿಡಿದವರು, ಮುದುಕಿಯಾಗುವವರೆಗೂ ಅದೇ ಬೆಟ್ಟ, ಅದೇ ನೀರು, ಅದೇ ಮರ. ದಿನಕ್ಕೆ ನೂರಾರು ಕೆಟಲು. ಕೈ ಎಲ್ಲೂ ತಡವರಿಸುತ್ತಿರಲಿಲ್ಲ. ಯಾವ ಚಿತ್ರಶಾಲೆಯ ಮೆಟ್ಟಿಲನ್ನೂ ಅವರು ಹತ್ತಿದವರಲ್ಲ. ಹಮಾದ, ಜನಸಾಮಾನ್ಯರ ಕೈಕಸುಬಿನ ಬಗ್ಗೆ ಬರೆಯುತ್ತಿದ್ದ ಅವರ ಗೆಳೆಯ ಯಾನಾಗಿ ಸೊಯೆತ್ಸು ಇಬ್ಬರೂ ಈ ಕೆಲಸವನ್ನು ಬಹಳ ಮೆಚ್ಚಿದರು. ನನಗೆ ಈ ಕಥೆಯಲ್ಲಿ ಹಮಾದ ಅವರಿಗಿಂತ ಈ ಅಜ್ಜಿಯೇ ಹೆಚ್ಚು ಕಾಡುತ್ತಾರೆ. ಹಳ್ಳಿಯ ಕೆಲಸ ಎಂದರೆ ದಿನಕ್ಕೆ ಒಂದೆರಡು ಮಡಕೆ ಮಾಡಿ, ಕಾಫಿ ಕುಡಿದು, ಮಳೆ ನೋಡುವುದು ಅಂತ ಯಾರಾದರೂ ಹೇಳಿದರೆ ಈ ಅಜ್ಜಿ ನಕ್ಕುಬಿಡುತ್ತಿದ್ದರೋ ಏನೋ.

ಮಶಿಕೊದ ಮಣ್ಣು ಒರಟು. ಕಬ್ಬಿಣದ ಅಂಶ ಜಾಸ್ತಿ. ತೆಳ್ಳಗೆ ಎಳೆಯಲು ಹೋದರೆ ಮಾತು ಕೇಳುವುದಿಲ್ಲ. ಹಮಾದ ಬೇಕಿದ್ದರೆ ದೂರದಿಂದ ನಯವಾದ ಮಣ್ಣು ತರಿಸಬಹುದಿತ್ತು. ತರಿಸಲಿಲ್ಲ. ಕಾಲ ಕೆಳಗಿದ್ದ ಮಣ್ಣಿನಲ್ಲೇ ದಪ್ಪ ಗೋಡೆಯ, ಭಾರದ ಪಾತ್ರೆಗಳನ್ನು ಮಾಡಿದರು. ಗ್ಲೇಜೂ ಅಷ್ಟೆ. ಆ ಸೀಮೆಯ ಒಂದು ಕಲ್ಲನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ ಬಳಿದರೆ, ಬೆಂದ ಮೇಲೆ ಕೆಂಪು ಕಂದು ಬಣ್ಣ ಬರುತ್ತದೆ. ಊರಿನವರು ಅಗ್ಗದ ಸಾಮಾನಿಗೆ ಬಳಿಯುತ್ತಿದ್ದದ್ದೇ ಅದನ್ನು. ಬಿಳಿ ಮೆರುಗಿಗೆ ಭತ್ತದ ಹೊಟ್ಟಿನ ಬೂದಿ. ಅದರ ಜೊತೆಗೆ ಸೌದೆ ಬೂದಿ, ಇನ್ನೊಂದಿಷ್ಟು ಕಲ್ಲಿನ ಪುಡಿ. ಕ್ಯೋಟೊದಲ್ಲಿ ಸಾವಿರಾರು ಗ್ಲೇಜ್ ಪರೀಕ್ಷಿಸಿದ ಮನುಷ್ಯ ಇಲ್ಲಿ ಬೆರಳಲ್ಲಿ ಎಣಿಸುವಷ್ಟಕ್ಕೆ ಇಳಿದರು.

ಚಿತ್ರದ ವಿಷಯದಲ್ಲಿ ಇನ್ನೂ ಜಿಪುಣ. ಮದುವೆಯಾದ ಹೊಸತರಲ್ಲಿ ಹೆಂಡತಿ ಕಜುಯೆ ಅವರ ಜೊತೆ ಓಕಿನಾವ ದ್ವೀಪಕ್ಕೆ ಹೋಗಿ ಕೆಲವು ತಿಂಗಳು ಇದ್ದರು. ಅಲ್ಲಿ ಗಾಳಿಗೆ ಬಾಗುವ ಕಬ್ಬಿನ ಗರಿ ಕಂಡು ಅದನ್ನು ನಾಲ್ಕೈದು ಗೆರೆಯಲ್ಲಿ ಬರೆದರು. ಮುಂದೆ ಹತ್ತಾರು ವರ್ಷ ಅದನ್ನೇ ಬರೆದರು. ಹೊಸ ಚಿತ್ರ ಹುಡುಕಲು ಹೊರಡಲಿಲ್ಲ.

ಹಮಾದ ಅವರ ನಿಧಾನದ ಗುಟ್ಟು ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಯಾವ ಮಣ್ಣು, ಯಾವ ಬಣ್ಣ, ಯಾವ ಚಿತ್ರ ಎಂಬ ಪ್ರಶ್ನೆಗಳನ್ನು ಒಂದು ಸಲ ಮುಗಿಸಿಬಿಟ್ಟರು. ಉಳಿದ ಹೊತ್ತೆಲ್ಲ ಕೈಗೆ ಸಿಕ್ಕಿತು. ಪಟ್ಟಣದ ಸುಸ್ತು ಅರ್ಧ ಬರುವುದು ಕೆಲಸದಿಂದ, ಇನ್ನರ್ಧ ದಿನಾ ಬೆಳಗ್ಗೆ ಎದ್ದು ಆರಿಸಬೇಕಾದ ನೂರೆಂಟು ಸಂಗತಿಗಳಿಂದ.

ಗೂಡು ಕೂಡ ಅವಸರ ಮಾಡಲು ಬಿಡುವುದಿಲ್ಲ. ಹಮಾದ ಬಳಸುತ್ತಿದ್ದದ್ದು ಇಳಿಜಾರಿನಲ್ಲಿ ಕಟ್ಟಿದ ಗೂಡು. ಒಂದರ ಮೇಲೊಂದು ಹತ್ತಿಕೊಂಡು ಹೋಗುವ ಕೋಣೆಗಳು. ಕೆಳಗೆ ಬೆಂಕಿ ಹಾಕಿದರೆ ಶಾಖ ಮೊದಲ ಕೋಣೆ ಕಾಯಿಸಿ, ಅಲ್ಲಿಂದ ಎರಡನೆಯದಕ್ಕೆ, ಮೂರನೆಯದಕ್ಕೆ ಏರುತ್ತದೆ. ಪ್ರತಿ ಕೋಣೆಯ ಪಕ್ಕದ ಕಿಂಡಿಯಿಂದ ಪೈನ್ ಸೌದೆ ತುರುಕುತ್ತಾ ಹೋಗಬೇಕು. ಬಿಸಿ 1250 ಡಿಗ್ರಿ ಸೆಲ್ಸಿಯಸ್ ದಾಟಬೇಕು. ರಾತ್ರಿ ಹಗಲು ಪಾಳಿಯಲ್ಲಿ ಜನ ನಿಲ್ಲಬೇಕು. ಇಂಥ ದೊಡ್ಡ ಗೂಡು ತುಂಬಲು ಸಾವಿರಾರು ಪಾತ್ರೆ ಬೇಕು. ಅಷ್ಟು ಪಾತ್ರೆ ತಯಾರಾಗಿ, ಒಣಗುವವರೆಗೂ ಬೆಂಕಿಯ ಮಾತೇ ಇಲ್ಲ. ಉರಿ ನಿಲ್ಲಿಸಿದ ಮೇಲೆ ಗೂಡು ತಾನಾಗಿ ತಣಿಯಲು ದಿನಗಟ್ಟಲೆ ಕಾಯಬೇಕು. ಕುತೂಹಲ ತಡೆಯದೆ ಬಾಗಿಲು ಒಡೆದರೆ ತಣ್ಣನೆ ಗಾಳಿ ತಾಗಿ ಪಾತ್ರೆ ಸೀಳುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ನಮ್ಮಲ್ಲಿ ಗಾದೆ ಇದೆ. ಆ ದೊಣ್ಣೆ ಕೆಲವು ಸಲ ಕುಂಬಾರನ ಕೈಯಲ್ಲೇ ಇರುತ್ತದೆ.

ಹಮಾದ ದೊಡ್ಡ ತಟ್ಟೆಗಳ ಮೇಲೆ ಸೌಟಿನಿಂದ ಗ್ಲೇಜ್ ಸುರಿದು ಗೆರೆ ಎಳೆಯುತ್ತಿದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಹದಿನೈದು ಸೆಕೆಂಡಿನ ಕೆಲಸಕ್ಕೆ ಇಷ್ಟು ಬೆಲೆಯೇ ಅಂತ ಕೇಳಿದವರಿಗೆ, ಹದಿನೈದು ಸೆಕೆಂಡಿನ ಜೊತೆ ಅರವತ್ತು ವರ್ಷವನ್ನೂ ಸೇರಿಸಿಕೊಳ್ಳಿ ಎಂಬರ್ಥದ ಉತ್ತರ ಕೊಡುತ್ತಿದ್ದರಂತೆ.

ಇಷ್ಟೆಲ್ಲ ಹೇಳಿ ಹಣದ ಮಾತು ಬಿಟ್ಟರೆ ಕಥೆ ಅರ್ಧವಾಗುತ್ತದೆ. ಮಶಿಕೊಗೆ ಹೋದ ಕೂಡಲೇ ಅವರಿಗೆ ಸ್ವಂತ ಮನೆ, ಸ್ವಂತ ಗೂಡು ಇರಲಿಲ್ಲ. ಊರಿನ ಕುಂಬಾರರೊಬ್ಬರ ಜಾಗದಲ್ಲಿ ಕೆಲಸ ಮಾಡಿದರು. ಹಳೆಯ ರೈತರ ಮನೆಯೊಂದನ್ನು ಕೊಂಡು ನೆಲೆಯಾದದ್ದು 1930ರ ಹೊತ್ತಿಗೆ. ಪಾತ್ರೆಗಳಿಗೆ ಒಳ್ಳೆಯ ಬೆಲೆ ಸಿಗುತ್ತಿದ್ದದ್ದು ಟೋಕಿಯೊ, ಒಸಾಕಾದಂಥ ಪಟ್ಟಣಗಳ ಪ್ರದರ್ಶನಗಳಲ್ಲಿ. ಬದುಕು ಹಳ್ಳಿಯಲ್ಲಿ, ಗಿರಾಕಿ ಪಟ್ಟಣದಲ್ಲಿ. ಮನೆ ತುಂಬ ಕೆಲಸಗಾರರು, ಶಿಷ್ಯರು, ದೇಶವಿದೇಶದ ಅತಿಥಿಗಳು. ಬರ್ನಾರ್ಡ್ ಲೀಚ್ ಕೂಡ 1934ರಲ್ಲಿ ಬಂದು ಅಲ್ಲಿದ್ದು ಕೆಲಸ ಮಾಡಿದರು. ಅಷ್ಟು ಜನಕ್ಕೆ ಅನ್ನ ಬೇಯಿಸಿ ಬಡಿಸಿದವರ ದಿನ ಎಷ್ಟು ನಿಧಾನವಾಗಿತ್ತು ಅಂತ ಯಾವ ಕಲಾ ಇತಿಹಾಸವೂ ಸರಿಯಾಗಿ ಹೇಳುವುದಿಲ್ಲ. ಸುಮ್ನೆ ಕೇಳಿ ನೋಡುವ ಪ್ರಶ್ನೆ ಇದು.

ಆ ಗಾಳಿ ನಮ್ಮ ಕಡೆಗೂ ಸ್ವಲ್ಪ ಬೀಸಿದೆ. 1971ರಲ್ಲಿ ಪುದುಚೇರಿಯಲ್ಲಿ ಅಮೆರಿಕದ ರೇ ಮೀಕರ್ ಮತ್ತು ದೆಬೋರಾ ಸ್ಮಿತ್ ಗೋಲ್ಡನ್ ಬ್ರಿಡ್ಜ್ ಎಂಬ ಕುಂಬಾರಿಕೆ ಶುರು ಮಾಡಿದರು. ದೆಬೋರಾ ಜಪಾನಿನಲ್ಲಿ ಕೆಲಸ ಕಲಿತು ಬಂದವರು. ಹೆಚ್ಚು ಶಾಖದಲ್ಲಿ ಸುಟ್ಟ, ಗ್ಲೇಜ್ ಹಾಕಿದ ಪಾತ್ರೆಗಳನ್ನು ಕೈಯಲ್ಲಿ ಮಾಡುವುದನ್ನು ಎಷ್ಟೋ ಭಾರತೀಯರು ಅಲ್ಲೇ ಕಲಿತರು.

ಹಮಾದ ಅವರಿಗೆ 1955ರಲ್ಲಿ ಜಪಾನ್ ಸರ್ಕಾರ ಜೀವಂತ ರಾಷ್ಟ್ರೀಯ ಸಂಪತ್ತು ಎಂಬ ಮನ್ನಣೆ ಕೊಟ್ಟಿತು. ಅವರ ಹೆಸರಿನಿಂದ ಮಶಿಕೊಗೆ ಪಟ್ಟಣದ ಹುಡುಗ ಹುಡುಗಿಯರು ಮಣ್ಣು ಹುಡುಕಿಕೊಂಡು ಬರತೊಡಗಿದರು. 1966ರಿಂದ ಅಲ್ಲಿ ಮಡಕೆ ಜಾತ್ರೆ ನಡೆಯುತ್ತಿದೆ. ಈಗ ವಸಂತಕ್ಕೊಮ್ಮೆ, ಶರತ್ಕಾಲಕ್ಕೊಮ್ಮೆ. ಊರಿನ ಇನ್ನೊಂದು ಆಧಾರ ಬೇರೆಯೇ ಇದೆ. 1958ರಿಂದ ಯೊಕೊಕಾವ ರೈಲು ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಬಿಸಿ ಅನ್ನ ಮಾರುವ ಪುಟ್ಟ ಮಣ್ಣಿನ ಪಾತ್ರೆ ಮಶಿಕೊದ್ದು. ಊಟ ಮುಗಿದ ಮೇಲೆ ಪಾತ್ರೆ ನಿಮ್ಮದೇ. ಕಲಾವಿದರಿಂದಲೂ ಊರು ಉಳಿಯಿತು, ಈ ಪಾತ್ರೆಯಿಂದಲೂ ಉಳಿಯಿತು. ಎರಡನೆಯದರ ಬಗ್ಗೆ ಮಾತಾಡುವವರು ಕಡಿಮೆ, ಅಷ್ಟೆ.

ಹಮಾದ 1978ರಲ್ಲಿ ತೀರಿಕೊಂಡರು. 2011ರ ಭೂಕಂಪದಲ್ಲಿ ಅವರ ದೊಡ್ಡ ಗೂಡು ಕುಸಿಯಿತು, ಮತ್ತೆ ಕಟ್ಟಿದರು. ಮೊಮ್ಮಗ ತೊಮೊವೊ ಅದೇ ಊರಿನಲ್ಲಿ ಕೆಲಸ ಮಾಡುತ್ತಿದ್ದಾರೆ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಮಶಿಕೊಗೆ ಬಂದ ಮೇಲೆ ಹಮಾದ ತಮ್ಮ ಪಾತ್ರೆಗಳ ಮೇಲೆ ಹೆಸರು ಹಾಕುವುದನ್ನು ನಿಲ್ಲಿಸಿದರು. ಊರಿನ ಬೇರೆ ಕುಂಬಾರರೂ ಹಾಕುತ್ತಿರಲಿಲ್ಲ, ತಮಗೇಕೆ ಬೇಕು ಅಂತ. ಪಾತ್ರೆ ಇಡುವ ಮರದ ಪೆಟ್ಟಿಗೆಯ ಮೇಲೆ ಮಾತ್ರ ಬರೆದುಕೊಡುತ್ತಿದ್ದರು. ಆಮೇಲೆ ಊರಿನ ಎಷ್ಟೋ ಜನ ಅವರ ಹಾಗೆಯೇ ಕೆಂಪು ಕಂದು ಮೆರುಗು, ಕಬ್ಬಿನ ಗರಿ ಹಾಕಿ ಮಾಡಲು ಶುರು ಮಾಡಿದರು. ಹೀಗಾಗಿ ಇವತ್ತು ಹರಾಜಿನಲ್ಲಿ ಪಾತ್ರೆಯನ್ನು ನೋಡುವ ಮೊದಲು ಪೆಟ್ಟಿಗೆ ಎಲ್ಲಿ ಅಂತ ಕೇಳುತ್ತಾರೆ. ಪೆಟ್ಟಿಗೆ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು.

ನಮಸ್ಕಾರ.