ಎಂಟನೇ ತರಗತಿಯ ಇಂಗ್ಲಿಷ್: ಬಾಯಿ ಬಿಟ್ಟು ಓದಲಿ

ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಮೊಳಕಾಲ್ಮೂರು, ಎಲ್ಲೇ ಇರಲಿ, ಮಗನೋ ಮಗಳೋ ಈ ವರ್ಷ ಎಂಟನೇ ತರಗತಿಗೆ ಸೇರಿದ ಮನೆಯ ಅಪ್ಪ ಅಮ್ಮಂದಿರ ಜೊತೆ ಇವತ್ತು ನನ್ನ ಮಾತು. ಹೈಸ್ಕೂಲು ಶುರುವಾದ ಮೊದಲ ವಾರದಲ್ಲೇ ನೀವು ಬಂದು ಕೇಳುತ್ತೀರಿ: "ಮೇಡಂ, ಇಂಗ್ಲಿಷಿಗೆ ಯಾವ ಗೈಡ್ ತಗೊಳ್ಳೋಣ?" ಯಾವುದೂ ಬೇಡ. ದಿನಾ ರಾತ್ರಿ ಹತ್ತು ನಿಮಿಷ ಮಗು ಇಂಗ್ಲಿಷ್ ಪಾಠವನ್ನು ಬಾಯಿ ಬಿಟ್ಟು ಓದಲಿ. ನೀವು ಪಕ್ಕದಲ್ಲಿ ಕೂತು ಕೇಳಿ. ಅಷ್ಟೇ.

ಎಂಟನೇ ತರಗತಿಯ ಇಂಗ್ಲಿಷಿನಲ್ಲಿ ಏನಿದೆ? ಗದ್ಯ ಇದೆ, ಪದ್ಯ ಇದೆ, ಮಕ್ಕಳು ತಾವೇ ಓದಿಕೊಳ್ಳಲಿ ಅಂತ ಪೂರಕ ಪಾಠಗಳಿವೆ. ಜೊತೆಗೆ ವ್ಯಾಕರಣ, ಪತ್ರ ಬರೆಯುವುದು, ಸಣ್ಣ ಪ್ರಬಂಧ. ಕನ್ನಡ ಮಾಧ್ಯಮದ ಹೆಚ್ಚಿನ ಮಕ್ಕಳಿಗೆ ಇದು ದ್ವಿತೀಯ ಭಾಷೆ. ಎಸ್ಸೆಸ್ಸೆಲ್ಸಿಗೆ ಹೋದಾಗ 100 ಅಂಕದ ವಿಷಯ, ಅದರಲ್ಲಿ 80 ಬರೆಯುವ ಪರೀಕ್ಷೆಗೆ. ಆ 80ರ ಭಯಕ್ಕೇ ಎಂಟನೇ ತರಗತಿಯಿಂದಲೇ ಪ್ರಶ್ನೋತ್ತರ ಉರು ಹೊಡೆಸಲು ಶುರು ಮಾಡುತ್ತೀರಿ. ದಯವಿಟ್ಟು ಬೇಡ. ಉರು ಹೊಡೆದದ್ದು ಪ್ರಶ್ನೆಯಲ್ಲಿ ಒಂದು ಪದ ಬದಲಾದರೂ ಕೈ ಕೊಡುತ್ತೆ.

ನಾನು ಚಳ್ಳಕೆರೆ ಕಡೆಯ ಒಂದು ಹಳ್ಳಿಯಲ್ಲಿ ಪಾಠ ಮಾಡುತ್ತಿದ್ದಾಗಿನ ಸಂಗತಿ ಹೇಳಲೇಬೇಕು. ತರಗತಿಯಲ್ಲಿ ಒಬ್ಬಳು ಹುಡುಗಿ. ಕೇಳಿದರೆ ತಲೆ ತಗ್ಗಿಸಿ ನಿಲ್ಲುವಳು, ಬಾಯಿಂದ ಒಂದು ಅಕ್ಷರ ಹೊರಡದು. ಅವಳ ತಾಯಿಯನ್ನು ಕರೆಸಿ, ಈಗ ನಿಮಗೆ ಹೇಳಿದ್ದನ್ನೇ ಹೇಳಿದೆ. "ನಂಗೆ ಕನ್ನಡಾನೇ ಓದಾಕೆ ಬರಲ್ಲ ಮೇಡಂ, ಇಂಗ್ಲಿಷ್ ಏನು ಕೇಳ್ಲಿ?" ಅಂದರು. "ಕೈ ಕೆಲಸ ಮಾಡ್ತಾನೇ ಕೇಳ್ರಿ" ಅಂದೆ.

ಬಿತ್ತನೆಗೆ ಶೇಂಗಾ ಸುಲಿಯುವ ದಿನಗಳು. ತಾಯಿ ಮೊರದ ಮುಂದೆ ಕೂತು ಕಾಯಿ ಒಡೆಯುತ್ತಿದ್ದರೆ, ಮಗಳು ದೀಪದಡಿ ಕೂತು ಓದುವಳು. ನಾಲ್ಕನೇ ದಿನವೋ ಐದನೇ ದಿನವೋ ಆ ತಾಯಿ ಕಾಯಿ ಒಡೆಯುವುದನ್ನು ನಿಲ್ಲಿಸಿ ಕೇಳಿದರಂತೆ: "ಮಾತಿಗೊಂದ್ಸಲ ದಿ, ದಿ ಅಂತೀಯಲ್ಲ, ಯಾರೇ ಅದು?" ಮಗಳಿಗೆ ಗೊತ್ತಿಲ್ಲ. ಬೆಳಿಗ್ಗೆ ನೇರ ನನ್ನ ಮುಂದೆ ಬಂದು ನಿಂತಳು. ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಆ ತಾಯಿಯ ಕಿವಿ ಎಷ್ಟು ಚುರುಕು ನೋಡಿ! ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬರುವ ಪದವೇ ಆ 'ದಿ'. ಕನ್ನಡದಲ್ಲಿ ಅದಕ್ಕೆ ಸರಿಯಾದ ಜೋಡಿ ಇಲ್ಲ, ಅದಕ್ಕೇ ನಮ್ಮ ಮಕ್ಕಳು ಅಲ್ಲೇ ಎಡವುವುದು. ನಾನು ಅವಳಿಗೆ ಅಜ್ಜಿ ಕಥೆ ಹೇಳಿದೆ. ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಒಬ್ಬಳು ಮಗಳಿದ್ದಳು. ಮೊದಲ ಸಲ 'ಒಬ್ಬ' ರಾಜ, ಅದು ಇಂಗ್ಲಿಷಿನ 'ಎ ಕಿಂಗ್'. ಪರಿಚಯ ಆಯಿತಲ್ಲ, ಎರಡನೇ ಸಲ 'ಆ' ರಾಜ, ಅದು 'ದಿ ಕಿಂಗ್'. ನಾವು ಮುಂದೆ 'ಆ' ಬಿಟ್ಟು "ರಾಜ ಬೇಟೆಗೆ ಹೋದ" ಅಂತೀವಿ, ಇಂಗ್ಲಿಷಿನವರು ಬಿಡುವ ಹಾಗಿಲ್ಲ.

ಹುಡುಗಿ ಮನೆಗೆ ಹೋಗಿ ಇದನ್ನೇ ಹೇಳಿದ್ದಾಳೆ. ವಾರ ಕಳೆದ ಮೇಲೆ ಪಾಠದಲ್ಲಿ 'ದಿ ಸನ್' ಅಂತ ಬಂತು. "ಸೂರ್ಯನ್ನ ಮೊದ್ಲು ಪರಿಚಯಾನೇ ಮಾಡಿಲ್ವಲ್ಲಮ್ಮ, ಆಗಲೇ ದಿ ಹಾಕವ್ರೆ" ಅಂದಳಂತೆ ಮಗಳು. ತಾಯಿ ಕೈಯಲ್ಲಿನ ಶೇಂಗಾ ಒಡೆಯುತ್ತಲೇ ಹೇಳಿದರಂತೆ: "ಇರೋನು ಒಬ್ನೇ. ಯಾವ ಸೂರ್ಯ ಅಂತ ಯಾರು ಕೇಳ್ತಾರೆ?" ವ್ಯಾಕರಣದ ಪುಸ್ತಕದಲ್ಲಿರುವ ನಿಯಮವೇ ಇದು. ಓದು ಬಾರದ ತಾಯಿ ಮೊರದ ಮುಂದೆ ಕೂತು ಅದನ್ನು ಕಂಡುಕೊಂಡರು. ಮಗಳು ಬಾಯಿ ಬಿಟ್ಟು ಓದಿದ್ದಕ್ಕೆ, ತಾಯಿ ಕಿವಿಗೊಟ್ಟದ್ದಕ್ಕೆ.

ಸಮಯ ಹೆಚ್ಚಿಲ್ಲ, ಉಳಿದದ್ದನ್ನು ಬೇಗ ಹೇಳುತ್ತೇನೆ. ವಾಕ್ಯದ ಜೋಡಣೆ: ನಾವು "ನಾನು ಕೋಟೆ ನೋಡಿದೆ" ಅಂತ ಕ್ರಿಯಾಪದವನ್ನು ಕೊನೆಗಿಡುತ್ತೇವೆ, ಇಂಗ್ಲಿಷಿನಲ್ಲಿ "ಐ ಸಾ ದಿ ಫೋರ್ಟ್", ಕ್ರಿಯಾಪದ ನಡುವೆ. ಜೇಬಲ್ಲಿ, ಗೋಡೆಯಲ್ಲಿ, ಬಸ್‌ಸ್ಟಾಪಲ್ಲಿ ಅಂತ ನಮಗೆ 'ಅಲ್ಲಿ' ಒಂದೇ ಸಾಕು. ಅವರಿಗೆ ಜೇಬಿಗೆ 'ಇನ್', ಗೋಡೆಗೆ 'ಆನ್', ಬಸ್‌ಸ್ಟಾಪಿಗೆ 'ಅಟ್'. ಪಟ್ಟಿ ಮಾಡಿ ಕಲಿತರೆ ಪಟ್ಟಿಯಲ್ಲೇ ಉಳಿಯುತ್ತೆ. ನೂರು ಸಲ ಬಾಯಲ್ಲಿ ಬಂದರೆ ನಾಲಿಗೆಗೇ ಗೊತ್ತಾಗುತ್ತೆ.

ಸ್ಪೆಲ್ಲಿಂಗ್ ಕಷ್ಟ ಅಂತೀರಿ, ನಿಜ. ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದಾಗ, 'ನೈಫ್' ಪದದ ಮೊದಲಿನ ಕೆ ಅಕ್ಷರವನ್ನು ಜನ ಬಾಯಲ್ಲೂ ನುಡಿಯುತ್ತಿದ್ದರು. ಆಮೇಲೆ ಅಚ್ಚಿನಲ್ಲಿ ಅಕ್ಷರ ಹಾಗೇ ನಿಂತಿತು, ನುಡಿ ಬದಲಾಯಿತು. ಕನ್ನಡದ ಹಾಗೆ ಬರೆದಂತೆ ಓದುವ ಭಾಷೆ ಅಲ್ಲ ಅದು. ಅದಕ್ಕೇ ಮಗು ಪದದ ಕೆಳಗೆ ಬೆರಳಿಟ್ಟುಕೊಂಡು ಓದಲಿ, ಕಣ್ಣೂ ನಾಲಿಗೆಯೂ ಒಟ್ಟಿಗೆ ಕಲಿಯಲಿ.

"ತಪ್ಪು ಓದಿದ್ರೆ ನಮಗೇನು ಗೊತ್ತಾಗುತ್ತೆ?" ಅಂತ ನೀವು ಈಗ ಅಂದುಕೊಳ್ಳುತ್ತಿದ್ದೀರಿ, ನನಗೆ ಗೊತ್ತು. ಗೊತ್ತಾಗುವುದು ಬೇಡ. ತಿದ್ದುವುದು ನಮ್ಮ ಕೆಲಸ. ಓದುವಾಗ ತಡವರಿಸಿದ ಪದದ ಕೆಳಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದುಕೊಂಡು ಬೆಳಿಗ್ಗೆ ನಿಮ್ಮೂರಿನ ಇಂಗ್ಲಿಷ್ ಟೀಚರ ಹತ್ತಿರ ಬರಲಿ. ಇವತ್ತು ರಾತ್ರಿ ಊಟ ಆದ ಮೇಲೆ ಮೊದಲ ಪಾಠ, ಮೊದಲ ಪುಟ.

ನಮಸ್ಕಾರ.