ಐಡಲ್ ಸೆಷನ್ ಟೈಮ್‌ಔಟ್: ಎಷ್ಟು ನಿಮಿಷ, ಎಲ್ಲಿ ಹಾಕೂದು, ಎಲ್ಲಿ ತಪ್ಪತೈತಿ

ನಮಸ್ಕಾರ್ರಿ. ಈಗ ನೀವು ನೋಡಾಕತ್ತಿದ್ದು ಬೆಳಗಾವಿಯ ಉದ್ಯಮಬಾಗ, ಮಧ್ಯಾಹ್ನ ಊಟದ ಹೊತ್ತು. ಇಲ್ಲಿ ಒಂದು ಫೌಂಡ್ರಿ ಆಫೀಸಿನಾಗ 25 ವರ್ಚುವಲ್ ಡೆಸ್ಕ್‌ಟಾಪ್ (ಸರ್ವರಿನಾಗ ಓಡೂ, ದೂರದಿಂದ ವಾಪರಿಸೂ ವಿಂಡೋಸ್ ಕಂಪ್ಯೂಟರ್) ಅದಾವ, ಮೂರು ಪಾಳಿ ಮಂದಿ ಅವನ್ನ ಹಂಚಿಕೊಂಡು ವಾಪರಸ್ತಾರ ಅಂತ ತಿಳ್ಕೋರಿ. ಮೊದಲ ಪಾಳಿಯವರು ಸೈನ್ ಔಟ್ ಮಾಡದ ಬರೇ ಕಿಟಕಿ ಮುಚ್ಚಿ ಮನೀಗೆ ಹೋದ್ರ, ಆ 25 ಡೆಸ್ಕ್‌ಟಾಪೂ ಅವರ ಹೆಸರಿನ ಮ್ಯಾಲೇ ಕುಂತಿರತಾವ. ಎರಡನೇ ಪಾಳಿಯವರು ಬಂದ್ರ ಡೆಸ್ಕ್‌ಟಾಪ್ ಖಾಲಿ ಇಲ್ಲ ಅಂತ ಬರತೈತಿ. ಯಾಕಂದ್ರ ಪಾಲಿಸಿ (ಅಡ್ಮಿನ್ ಇಡೂ ನಿಯಮ) ಹಾಕದಿದ್ರ, ಡಿಸ್‌ಕನೆಕ್ಟ್ ಆದ ಸೆಷನ್ನಿಗೆ, ಅಂದ್ರ ಸೈನ್ ಇನ್ ಆಗಿ ಇನ್ನೂ ಸೈನ್ ಔಟ್ ಆಗದ ಕೆಲಸಕ್ಕ, ವಿಂಡೋಸ್ ಯಾವ ಮಿತೀನೂ ಇಡೂದಿಲ್ರಿ.

ಇಲ್ಲಿ ಗಡಿಯಾರ ಎರಡು ಅದಾವ. ಒಂದು ಐಡಲ್: ಕೀಬೋರ್ಡ್, ಮೌಸ್ ಮುಟ್ಟದಿದ್ರ ಎಣಿಸಾಕ ಶುರು. ಇನ್ನೊಂದು ಡಿಸ್‌ಕನೆಕ್ಟೆಡ್: ಸಂಪರ್ಕ ಕಡಿದ ಮ್ಯಾಲೆ ಎಣಿಸಾಕ ಶುರು. ಐಡಲ್ ಗಡಿಯಾರ ಮುಗಿದ್ರ ಸೆಷನ್ ಬರೇ ಕಡೀತೈತಿ. ತೆರೆದ ಫೈಲು, ಓಡಾಕತ್ತಿದ್ದ ಪ್ರೋಗ್ರಾಮ್ ಎಲ್ಲಾ ಹಂಗ ಇರತಾವ. ಡಿಸ್‌ಕನೆಕ್ಟೆಡ್ ಗಡಿಯಾರ ಮುಗಿದ್ರ ಮಾತ್ರ ಸೈನ್ ಔಟ್ ಆಗಿ, ಸೇವ್ ಮಾಡದ್ದು ಹೋಗತೈತಿ. ಒಂದನ್ನ ಹಾಕಿ ಇನ್ನೊಂದನ್ನ ಬಿಟ್ರ ಅರ್ಧ ಕೆಲಸ ಮಾಡಿದಂಗ.

ಗ್ರೂಪ್ ಪಾಲಿಸಿ ಮ್ಯಾನೇಜ್‌ಮೆಂಟ್ ತೆಗೀರಿ. ಡೆಸ್ಕ್‌ಟಾಪ್‌ಗಳ ಕಂಪ್ಯೂಟರ್ ಅಕೌಂಟ್ ಇರೂ ಓಯು (ಡೊಮೇನಿನಾಗ ಕಂಪ್ಯೂಟರ್ ಅಕೌಂಟ್ ಗುಂಪು ಮಾಡಿಡೂ ಫೋಲ್ಡರ್) ಮ್ಯಾಲೆ ಹೊಸ ಜಿಪಿಒ (ಪಾಲಿಸಿಗಳ ಒಂದು ಕಟ್ಟು) ಮಾಡ್ರಿ. ಇಡೀ ಡೊಮೇನಿಗೆ ಹತ್ತೂ ಡಿಫಾಲ್ಟ್ ಡೊಮೇನ್ ಪಾಲಿಸಿ ಮುಟ್ಟಬ್ಯಾಡ್ರಿ. ಎಡಿಟ್ ಒತ್ತಿ ಹಿಂಗ ಇಳೀರಿ: ಕಂಪ್ಯೂಟರ್ ಕಾನ್ಫಿಗರೇಶನ್, ಪಾಲಿಸೀಸ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್, ರಿಮೋಟ್ ಡೆಸ್ಕ್‌ಟಾಪ್ ಸೆಷನ್ ಹೋಸ್ಟ್, ಕಡೀಕ ಸೆಷನ್ ಟೈಮ್ ಲಿಮಿಟ್ಸ್.

‘ಆಕ್ಟಿವ್ ಬಟ್ ಐಡಲ್’ ಅನ್ನೂ ಸಾಲು ಎನೇಬಲ್ ಮಾಡಿ 30 ನಿಮಿಷ ಇಡ್ರಿ. ಮುಗಿಯೂ 2 ನಿಮಿಷ ಮೊದಲು ಎಚ್ಚರಿಕೆ ಬರತೈತಿ, ಮೌಸ್ ಅಲುಗಾಡಿಸಿದ್ರ ಸಾಕು, ಸೆಷನ್ ಉಳೀತೈತಿ. ‘ಡಿಸ್‌ಕನೆಕ್ಟೆಡ್ ಸೆಷನ್ಸ್’ ಅನ್ನೂದಕ್ಕ 2 ತಾಸು. 20 ನಿಮಿಷ, 45 ನಿಮಿಷ ಅಂತ ನಿಮಗ ಬೇಕಾದಂಗ ಬರಿಯಾಕ ಬರೂದಿಲ್ಲ, ಪಟ್ಟಿಯೊಳಗಿಂದ ಆರಿಸಬೇಕು.

ಅದರ ಬಾಜೂಕ ‘ಎಂಡ್ ಸೆಷನ್ ವೆನ್ ಟೈಮ್ ಲಿಮಿಟ್ಸ್ ಆರ್ ರೀಚ್ಡ್’ ಅಂತ ಒಂದೈತಿ. ಇದನ್ನ ಎನೇಬಲ್ ಮಾಡಿದ್ರ ಐಡಲ್ ಮಿತಿ ಮುಗಿದ ಕೂಡಲೇ ಕಡಿಯೂದಲ್ಲ, ನೇರ ಸೈನ್ ಔಟ್. ಊಟಕ್ಕ ಹೋದ ಅಕೌಂಟೆಂಟ್ ಬರೂದರಾಗ ಅರ್ಧ ತುಂಬಿದ ಬಿಲ್ ಇರೂದಿಲ್ಲ. ಆಫೀಸ್ ಕೆಲಸದ ಡೆಸ್ಕ್‌ಟಾಪಿಗೆ ಇದನ್ನ ಹಾಕಬ್ಯಾಡ್ರಿ ಅಂತ ಗಟ್ಟಿಯಾಗಿ ಹೇಳತೀನಿ. ಎಲ್ಲಾರೂ ವಾಪರಿಸೂ ಕಿಯೋಸ್ಕ್ ಆದ್ರ ಸರಿ.

ಇನ್ನ ‘ಐಡಲ್’ ಅಂದ್ರ ಏನು ಅನ್ನೂದರಾಗ ಭಾಳ ಮಂದಿ ಎಡವತಾರ. ಒಂದು ತಾಸು ಓಡೂ ರಿಪೋರ್ಟ್ ಇದ್ರೂ, ತರಬೇತಿ ವಿಡಿಯೊ ನೋಡಾಕತ್ತಿದ್ರೂ, ಕೈ ಕೀಬೋರ್ಡ್ ಮ್ಯಾಲೆ ಇಲ್ಲಂದ್ರ ವಿಂಡೋಸಿನ ಲೆಕ್ಕದಾಗ ಅದು ಐಡಲ್. ಕಡಿದ ಮ್ಯಾಲೂ ರಿಪೋರ್ಟ್ ಓಡತೈತಿ, ಆದ್ರ 30 ನಿಮಿಷ ಮತ್ತ 2 ತಾಸು ಕೂಡಿಸಿ ಎರಡೂವರೆ ತಾಸಿನಾಗ ಅದು ಮುಗೀಬೇಕು. ರಾತ್ರಿಯಿಡೀ ಓಡೂ ಕೆಲಸ ಇರೂ ಡೆಸ್ಕ್‌ಟಾಪ್, ಫರ್ನೇಸ್ ನಿಗಾ ಇಡೂ ಸ್ಕ್ರೀನ್, ಇವಕ್ಕ ಬ್ಯಾರೆ ಓಯು, ಬ್ಯಾರೆ ಮಿತಿ.

2 ತಾಸು ಯಾಕಂದ್ರ ಕರೆಂಟ್ ಸಲುವಾಗಿ. ಮಳಿಗಾಲದಾಗ ಕರೆಂಟ್ ಹೋಗಿ ನೆಟ್‌ವರ್ಕ್ ಸ್ವಿಚ್ ಬಂದ್ ಆತು ಅಂದ್ರ, ಐಡಲ್ ಗಡಿಯಾರಕ್ಕ ಕಾಯದ ಸೆಷನ್ ಕಡೀತೈತಿ, ಡಿಸ್‌ಕನೆಕ್ಟೆಡ್ ಎಣಿಕೆ ಆಗಿಂದಾಗ ಶುರು. ಅಲ್ಲಿ 15 ನಿಮಿಷ ಇಟ್ಟಿದ್ರ, ಕರೆಂಟ್ ಬರೂದರಾಗ ಎಲ್ಲಾರ ಕೆಲಸನೂ ಹೋಗಿರತೈತಿ. ಸ್ವಿಚ್ಚಿಗೆ ಯುಪಿಎಸ್ ಇದ್ರೂ 1 ತಾಸಿಗಿಂತ ಕಡಿಮಿ ಇಡಬ್ಯಾಡ್ರಿ.

ಪಾಲಿಸಿ ತಾನಾಗೇ ಮುಟ್ಟಾಕ 120 ನಿಮಿಷದ ತನಕ ಬೇಕಾಗಬಹುದು. ತಡೀಲಿಲ್ಲಂದ್ರ ಡೆಸ್ಕ್‌ಟಾಪಿನಾಗ ಜಿಪಿಅಪ್‌ಡೇಟ್ ಸ್ಲ್ಯಾಶ್ ಫೋರ್ಸ್ (gpupdate /force) ಅನ್ನೂ ಕಮಾಂಡ್ ಕೊಡ್ರಿ, ಸೈನ್ ಔಟ್ ಆಗಿ ಮತ್ತ ಒಳಗ ಬರ್ರಿ. ಆಮ್ಯಾಲೆ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡೂ ಜಾಗ) ತೆಗೆದು, ಎಚ್‌ಕೀ ಲೋಕಲ್ ಮಷೀನ್ ಒಳಗ ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಟರ್ಮಿನಲ್ ಸರ್ವಿಸಸ್ ಅನ್ನೂ ರಿಜಿಸ್ಟ್ರಿ ಕೀ ನೋಡ್ರಿ. ಮ್ಯಾಕ್ಸ್‌ಐಡಲ್‌ಟೈಮ್ 1800000, ಮ್ಯಾಕ್ಸ್‌ಡಿಸ್‌ಕನೆಕ್ಷನ್‌ಟೈಮ್ 7200000 ಇರಬೇಕು. ಲೆಕ್ಕ ಮಿಲಿಸೆಕೆಂಡಿನಾಗ ಇರತೈತಿ.

ಅಲ್ಲಿ ಆ ಹೆಸರೇ ಕಾಣಲಿಲ್ಲಂದ್ರ ಪಾಲಿಸಿ ಮುಟ್ಟಿಲ್ಲ. ಒಂದೋ ಕಂಪ್ಯೂಟರ್ ಅಕೌಂಟ್ ಬ್ಯಾರೆ ಓಯುದಾಗ ಐತಿ, ಇಲ್ಲಾ ಸೆಕ್ಯೂರಿಟಿ ಫಿಲ್ಟರಿಂಗಿನಾಗ (ಜಿಪಿಒ ಯಾರಿಗೆ ಹತ್ತಬೇಕು ಅನ್ನೂ ಪಟ್ಟಿಯೊಳಗ) ಬಳಕೆದಾರರ ಗ್ರೂಪ್ ಹಾಕೀರಿ. ಇದು ಕಂಪ್ಯೂಟರ್ ಪಾಲಿಸಿ, ಅಲ್ಲಿ ಕಂಪ್ಯೂಟರ್ ಗ್ರೂಪೇ ಬೇಕು. ಗ್ರೂಪಿಗೆ ಹೊಸದಾಗಿ ಸೇರಿಸಿದ್ರ ಡೆಸ್ಕ್‌ಟಾಪ್ ಒಮ್ಮೆ ರೀಸ್ಟಾರ್ಟ್ ಮಾಡ್ರಿ. ಯೂಸರ್ ಕಾನ್ಫಿಗರೇಶನ್ನಿನಾಗೂ ಇದೇ ಸೆಟ್ಟಿಂಗ್ ಅದಾವ. ಎರಡೂ ಕಡೆ ಇದ್ರ ಕಂಪ್ಯೂಟರಿಂದೇ ಗೆಲ್ಲತೈತಿ.

ಕನ್ಸೋಲ್ ಸೆಷನ್ನಿಗೆ (ರಿಮೋಟ್ ಅಲ್ಲದ, ಯಂತ್ರದ ಸ್ವಂತ ಪರದೆಯ ಸೆಷನ್ನಿಗೆ) ಈ ಮಿತಿ ಹತ್ತೂದಿಲ್ಲ, ಅದಕ್ಕ ಹೈಪರ್‌ವೈಸರ್ (ವರ್ಚುವಲ್ ಡೆಸ್ಕ್‌ಟಾಪ್ ಓಡಿಸೂ ಸಾಫ್ಟ್‌ವೇರ್) ಕನ್ಸೋಲಿನಾಗ ಕುಂತು ಪರೀಕ್ಷೆ ಮಾಡಬ್ಯಾಡ್ರಿ. ರಿಮೋಟ್ ಆಗಿ ಒಳಗ ಬಂದು, ಐಡಲ್ ಮಿತಿಯನ್ನ ಒಂದು ಡೆಸ್ಕ್‌ಟಾಪಿಗಷ್ಟೇ 5 ನಿಮಿಷ ಇಟ್ಟು, ಕೈ ಬಿಟ್ಟು ಕೂಡ್ರಿ. ಬ್ಯಾರೆ ಕಂಪ್ಯೂಟರಿನ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಾಗ, ಆ ಡೆಸ್ಕ್‌ಟಾಪಿನ ಹೆಸರು ಜೋಡಿಸಿ ಕ್ಯೂಯೂಸರ್ (quser /server:ಹೆಸರು) ಕೊಟ್ರ ಐಡಲ್ ಟೈಮ್ ಏರೂದು ಕಾಣತೈತಿ. 5 ಮುಗಿದ ಮ್ಯಾಲೆ ಸ್ಟೇಟ್ ಅನ್ನೂದರ ಕೆಳಗ ಆಕ್ಟಿವ್ ಹೋಗಿ ಡಿಸ್ಕ್ ಅಂತ ಬಂದ್ರ, ಮಿತಿಯನ್ನ ತಿರಗಿ 30ಕ್ಕ ತರ್ರಿ.